ವ್ಯಾನಿಗೆ ಟೋ ಬಾರ್ ಹಾಕಿಸುವುದು ಹೇಗೆ? ಹಿಂದಿನ ಲೈಟಿನ ವೈರಿಗೆ ಮಾತ್ರ ಕೈ ಹಾಕಬೇಡಿ

ಬಳ್ಳಾರಿಯಲ್ಲಿ ಶಾಮಿಯಾನಾದವರಿಗೆ, ಜನರೇಟರ್ ಬಾಡಿಗೆಗೆ ಕೊಡುವವರಿಗೆ, ಕಂಪ್ರೆಸರ್ ಕೆಲಸದವರಿಗೆ ವ್ಯಾನಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಹೋಗುವ ಅಗತ್ಯ ಬಂದೇ ಬರುತ್ತದೆ. ಅದಕ್ಕೆ ಗಾಡಿಯ ಹಿಂದೆ ಹಾಕುವ ಕಬ್ಬಿಣದ ಬಾರೇ ಟೋ ಬಾರ್. ಹಳೆ ಗಾಡಿಗಳ ಕಾಲದಲ್ಲಿ ವೆಲ್ಡಿಂಗ್ ಅಂಗಡಿಗೆ ಹೋಗಿ ಒಂದು ಹುಕ್ ಬೆಸೆಸಿಕೊಂಡು, ಹಿಂದಿನ ಲೈಟಿನ ವೈರ್ ಸೀಳಿ ಅದಕ್ಕೇ ಇನ್ನೊಂದು ವೈರ್ ಸುತ್ತಿ ಟೇಪ್ ಹಚ್ಚಿದರೆ ಕೆಲಸ ಮುಗಿಯುತ್ತಿತ್ತು. ಈಗಿನ ವ್ಯಾನಿಗೆ ಈ ಎರಡೂ ಆಗುವುದಿಲ್ಲ. ಬಾರ್ ಚಾಸಿಗೆ, ಬೇರೆ ಚಾಸಿ ಇಲ್ಲದ ಗಾಡಿಯಲ್ಲಿ ಬಾಡಿಗೆ, ಬೋಲ್ಟ್ ಆಗಿ ಕೂರಬೇಕು, ಟ್ರೇಲರ್ ಲೈಟಿಗೆ ಕರೆಂಟು ಬ್ಯಾಟರಿಯಿಂದಲೇ ಬರಬೇಕು. ಉಳಿದದ್ದೆಲ್ಲ ಇದರ ವಿವರ.

ಮೊದಲು ಗಾಡಿಯ ಮ್ಯಾನುಯಲ್ ತೆಗೆದು ನೋಡಿ. ಎಷ್ಟು ತೂಕ ಎಳೆಯಬಹುದು ಅಂತ ಕಂಪನಿ ಬರೆದಿದೆಯಾ? ಬರೆದಿಲ್ಲ ಅಂದರೆ ಆ ಗಾಡಿಗೆ ಬಾರ್ ಹಾಕಿಸಲೇಬೇಡಿ, ಯಾರು ಎಷ್ಟೇ ಧೈರ್ಯ ಹೇಳಿದರೂ ಸರಿ. ಕಾಗದದ ವಿಷಯವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಇರುವ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಟ್ರೇಲರಿಗೆ ಬೇರೆಯೇ ನೋಂದಣಿ ಬೇಕು. ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಬನ್ನಿ.

ಇನ್ನು ಬಾರ್. ಬೊಲೆರೊ ಪಿಕಪ್‌ನಂಥ ಗಾಡಿಗೆ ಕೆಳಗೆ ಉದ್ದಕ್ಕೆ ಚಾಸಿ ಇರುತ್ತದೆ, ಬಾರ್ ಅದಕ್ಕೇ ಬೋಲ್ಟ್ ಆಗುತ್ತದೆ. ಟಾಟಾ ವಿಂಗರ್‌ನಂಥ ವ್ಯಾನಿನಲ್ಲಿ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ಬಾರ್ ಯಾವ ಜಾಗಕ್ಕೆ ಕೂರುತ್ತದೆ ಅನ್ನುವುದು ಇನ್ನೂ ಮುಖ್ಯ. ಆ ಮಾಡೆಲ್‌ಗೆ ಅಂತಲೇ ಮಾಡಿದ ಬಾರ್ ತನ್ನಿ. ಅದರ ಪ್ಲೇಟಿನ ಮೇಲೆ ಎರಡು ಅಂಕಿ ಇರುತ್ತವೆ: ಡಿ ಅಂದರೆ ಎಳೆಯುವ ಬಲದ ಮಿತಿ, ಎಸ್ ಅಂದರೆ ಬಾಲ್ ಮೇಲೆ, ಅಂದರೆ ಬಾರಿನ ತುದಿಯ ಗುಂಡಿನ ಮೇಲೆ, ಕೂರಬಹುದಾದ ಭಾರ, ಕಿಲೋ ಲೆಕ್ಕದಲ್ಲಿ. ಬಾಲ್ ಸೈಜನ್ನೂ ಅಳೆಯಿರಿ. 50 ಮಿ.ಮೀ. ಬಾಲ್ ಮತ್ತು ಎರಡು ಇಂಚಿನ, ಅಂದರೆ 50.8 ಮಿ.ಮೀ. ಬಾಲ್ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಆದರೆ ಬಾಲ್ ಮೇಲೆ ಕೂರುವ ಟ್ರೇಲರಿನ ಕಪ್ಲಿಂಗ್‌ಗೆ ಯಾವುದು ಬೇಕೋ ಅದೇ ಇರಬೇಕು.

ಬಂಪರ್ ಬಿಚ್ಚಿ. ಬೋಲ್ಟ್ ಕೂರುವ ಜಾಗದಲ್ಲಿ ಅಂಟಿರುವ ಕೆಂಧೂಳು, ತುಕ್ಕು ಹಿಡಿಯದಂತೆ ಬಳಿದ ಅಂಡರ್‌ಕೋಟಿಂಗ್ ಎಲ್ಲ ಕೆರೆದು ಲೋಹ ಕಾಣುವ ಹಾಗೆ ಮಾಡಿ, ಇಲ್ಲವಾದರೆ ಎಷ್ಟು ಬಿಗಿ ಮಾಡಿದರೂ ಆ ಪದರ ಕುಸಿದು ಬೋಲ್ಟ್ ಸಡಿಲ ಬೀಳುತ್ತದೆ. ತೂತು ಕೊರೆಯಬೇಕಾಗಿ ಬಂದರೆ ಅದರ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಿ. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಬಾರ್ ನೇರ ಇದೆಯಾ ನೋಡಿ, ಆಮೇಲೆ ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಪಾನಾ, ಅಂದರೆ ಟಾರ್ಕ್ ವ್ರೆಂಚ್ ಹಿಡಿಯಿರಿ. 8.8 ಗ್ರೇಡಿನ ಎಂ12, ಅಂದರೆ 12 ಮಿ.ಮೀ. ದಪ್ಪದ ಬೋಲ್ಟ್‌ಗೆ ಸುಮಾರು 80 ನ್ಯೂಟನ್ ಮೀಟರ್ ಬೇಕಾಗುತ್ತದೆ, ಆದರೆ ಬಾರ್ ಜೊತೆ ಬಂದ ಹಾಳೆಯಲ್ಲಿ ಏನಿದೆಯೋ ಅದೇ ಕೊನೆ ಮಾತು. ಪಾನಾಗೆ ಪೈಪ್ ಸಿಕ್ಕಿಸಿ ಮೈ ಭಾರ ಹಾಕಿ ತಿರುಗಿಸುವುದು ಬೇಡ, ಬೋಲ್ಟ್ ಎಳೆದುಕೊಂಡು ಒಳಗೇ ಸೋಲುತ್ತದೆ.

ಈಗ ವೈರಿಂಗ್. ತೊಂದರೆ ಜಾಸ್ತಿ ಬರುವುದೇ ಇಲ್ಲಿ.

ಈಗಿನ ವ್ಯಾನಿನಲ್ಲಿ ಬ್ರೇಕ್ ಲೈಟು ಸ್ವಿಚ್ಚಿಂದ ನೇರ ಹೊತ್ತಿಕೊಳ್ಳುವುದಿಲ್ಲ. ನಡುವೆ ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂತ ಒಂದು ಕಂಪ್ಯೂಟರ್ ಕೂತಿರುತ್ತದೆ. ಯಾವ ಲೈಟು ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಅದು ನೋಡುತ್ತಲೇ ಇರುತ್ತದೆ. ಟ್ರೇಲರಿನಲ್ಲಿ 21 ವ್ಯಾಟಿನ ಎರಡು ಬ್ರೇಕ್ ಬಲ್ಬ್ ಇದ್ದರೆ 12 ವೋಲ್ಟಿಗೆ 3.5 ಆಂಪಿಯರ್ ಬೇಕು. ವ್ಯಾನಿನ ಎಲ್‌ಇಡಿ ಲೈಟು ಅದರಲ್ಲಿ ಸ್ವಲ್ಪವನ್ನಷ್ಟೇ ಎಳೆಯುವುದು. ನೀವು ಆ ಸಣ್ಣ ವೈರಿಗೇ ಟ್ರೇಲರ್ ಬಲ್ಬ್ ಜೋಡಿಸಿದರೆ ಕಂಪ್ಯೂಟರ್ ದೋಷ ಅಂತ ತಿಳಿದು ಲೈನನ್ನೇ ಬಂದ್ ಮಾಡಬಹುದು, ಮೀಟರಿನಲ್ಲಿ ವಾರ್ನಿಂಗ್ ಹೊತ್ತಿಕೊಳ್ಳಬಹುದು, ಕೆಟ್ಟರೆ ಆ ಮಾಡ್ಯೂಲೇ ಸುಡಬಹುದು. ಅದರ ಬೆಲೆಯ ಮುಂದೆ ಟ್ರೇಲರ್ ಕಿಟ್ಟಿನ ಬೆಲೆ ಏನೂ ಅಲ್ಲ.

ಅದಕ್ಕೇ ಬೈಪಾಸ್ ರಿಲೇ, ಅಂದರೆ ಟ್ರೇಲರ್ ಮಾಡ್ಯೂಲ್ ಹಾಕಿಸಿ. ಅದು ವ್ಯಾನಿನ ಲೈಟಿನಿಂದ ಬರೀ ಸೂಚನೆ ತೆಗೆದುಕೊಳ್ಳುತ್ತದೆ, ಬಲ್ಬ್ ಉರಿಸುವ ಕರೆಂಟನ್ನು ಬ್ಯಾಟರಿಯಿಂದ ತರುತ್ತದೆ. ಆ ಗಾಡಿಗೆ ಅಂತಲೇ ಮಾಡಿದ ಕಿಟ್ ಸಿಕ್ಕರೆ ಇನ್ನೂ ಒಳ್ಳೆಯದು, ಗಾಡಿಯ ಸಾಕೆಟ್ಟಿಗೇ ಸಿಕ್ಕಿಕೊಳ್ಳುತ್ತದೆ, ಯಾವ ವೈರನ್ನೂ ಕತ್ತರಿಸಬೇಕಾಗಿಲ್ಲ. ಅಂಥ ಕಿಟ್ ಹಾಕಿದ ಮೇಲೆ ಕೆಲವು ಗಾಡಿಗಳಿಗೆ ಸ್ಕ್ಯಾನರ್ ಜೋಡಿಸಿ ಕೋಡಿಂಗ್ ಮಾಡಿಸಬೇಕು, ಅಂದರೆ ಗಾಡಿಯ ಕಂಪ್ಯೂಟರಿಗೆ ಹೊಸ ಕಿಟ್ಟಿನ ವಿಷಯ ತಿಳಿಸಬೇಕು. ಆಗಲೇ ರಿವರ್ಸ್ ಸೆನ್ಸರ್‌ಗೆ ಹಿಂದೆ ಟ್ರೇಲರ್ ಇದೆ ಅಂತ ಗೊತ್ತಾಗುವುದು, ಇಲ್ಲವಾದರೆ ಹಿಂದಕ್ಕೆ ತೆಗೆದಾಗೆಲ್ಲ ಕೂಗುತ್ತಲೇ ಇರುತ್ತದೆ.

ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬ್ಯಾಟರಿಯಿಂದ ಬರುವ ದಪ್ಪ ವೈರಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ. ಶೀಟಿನ ತೂತು ದಾಟುವ ಕಡೆ ವೈರ್ ಉಜ್ಜದಂತೆ ರಬ್ಬರ್ ಗ್ರೊಮೆಟ್ (ರಿಂಗ್) ಹಾಕಿ, ಸೈಲೆನ್ಸರ್‌ನಿಂದ ದೂರ ಇಡಿ, ಉದ್ದಕ್ಕೂ ಸ್ಲೀವ್ ಹಾಕಿ. ಗಂಗಾವತಿ, ಸಿಂಧನೂರು ಕಡೆ ಭತ್ತದ ಗೋದಾಮಿನ ಹತ್ತಿರ ಗಾಡಿ ನಿಲ್ಲಿಸುವವರಿಗೆ ಇಲಿಯ ಕಾಟವೂ ಇರುತ್ತದೆ, ಸ್ಲೀವ್ ಬಿಡಲೇಬೇಡಿ. ಅರ್ಥ್ ವೈರನ್ನು ಬಣ್ಣ ಕೆರೆದ ಲೋಹಕ್ಕೆ ರಿಂಗ್ ಟರ್ಮಿನಲ್ ಹಾಕಿ ಬಿಗಿದು ಮೇಲೆ ಗ್ರೀಸ್ ಹಚ್ಚಿ. ಸ್ಟಾರ್ಟ್-ಸ್ಟಾಪ್ ಇರುವ, ಅಂದರೆ ಗಾಡಿ ನಿಂತಾಗ ಎಂಜಿನ್ ತಾನೇ ಆಫ್ ಆಗುವ ಗಾಡಿಯಲ್ಲಿ ಬ್ಯಾಟರಿಯ ನೆಗೆಟಿವ್ ಮೇಲೆ ಸೆನ್ಸರ್ ಇರುತ್ತದೆ, ಹಾಗಾಗಿ ಅರ್ಥನ್ನು ನೆಗೆಟಿವ್‌ಗೆ ಕೊಡದೆ ಬಾಡಿಗೇ ಕೊಡಿ.

ಟ್ರೇಲರಿನ ಪ್ಲಗ್ ಸಿಕ್ಕಿಸುವ ಏಳು ಪಿನ್ನಿನ ಸಾಕೆಟ್ಟಿನ ಲೆಕ್ಕ ಹೀಗಿದೆ: 1 ಹಳದಿ, ಎಡ ಇಂಡಿಕೇಟರ್. 2 ನೀಲಿ, ಹಿಂದಿನ ಫಾಗ್ ಲೈಟು. 3 ಬಿಳಿ, ಅರ್ಥ್. 4 ಹಸಿರು, ಬಲ ಇಂಡಿಕೇಟರ್. 5 ಕಂದು, ಬಲ ಪಾರ್ಕಿಂಗ್. 6 ಕೆಂಪು, ಬ್ರೇಕ್. 7 ಕಪ್ಪು, ಎಡ ಪಾರ್ಕಿಂಗ್. ಬಣ್ಣ ನೋಡಿ ಸುಮ್ನೆ ನಂಬಬೇಡಿ, ಟ್ರೇಲರ್ ಕಡೆ ಯಾರೋ ಬದಲಾಯಿಸಿರಬಹುದು, ಟೆಸ್ಟ್ ಲ್ಯಾಂಪ್ ಇಟ್ಟು ಒಂದೊಂದೇ ನೋಡಿ.

ಟ್ರೇಲರ್ ಜೋಡಿಸಿದ ಮೇಲೆ ಒಬ್ಬರು ಹಿಂದೆ ನಿಂತು, ಇನ್ನೊಬ್ಬರು ಪಾರ್ಕಿಂಗ್, ಇಂಡಿಕೇಟರ್, ಬ್ರೇಕ್ ಮೂರನ್ನೂ ಒಟ್ಟಿಗೆ ಹಾಕಿ ನೋಡಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾದರೆ, ಅಥವಾ ಎಲ್ಲ ಲೈಟೂ ಒಟ್ಟಿಗೆ ಮಿಣುಕಿದರೆ, ಅದು ಅರ್ಥ್ ಸರಿ ಕೂತಿಲ್ಲ ಅನ್ನುವುದರ ಗುರುತು. ಟ್ರೇಲರ್ ನೆಲಕ್ಕೆ ಸಮನಾಗಿ ನಿಂತಿದೆಯಾ ಅಂತಲೂ ನೋಡಿ. ಸೇಫ್ಟಿ ಚೈನನ್ನು ಬಾಲ್ ಕುತ್ತಿಗೆಗೆ ಸುತ್ತಬೇಡಿ, ಬಾರಿನಲ್ಲೇ ಅದಕ್ಕೆ ಇರುವ ಕಣ್ಣಿಗೆ ಹಾಕಿ. ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳದ ಕಡೆ ಒಂದೆರಡು ಟ್ರಿಪ್ ಆದ ಮೇಲೆ, ಹೆಚ್ಚೆಂದರೆ 1000 ಕಿ.ಮೀ. ಒಳಗೆ, ಬಾರಿನ ಎಲ್ಲ ಬೋಲ್ಟನ್ನೂ ಟಾರ್ಕ್ ವ್ರೆಂಚಿನಲ್ಲಿ ಇನ್ನೊಮ್ಮೆ ನೋಡಿ.