ಮಟಮಟ ಮಧ್ಯಾಹ್ನ ದೆವ್ವ ಹುಡುಕುವುದು ಹೇಗೆ

ದೆವ್ವದ ಕಥೆ ಅಂದ ಕೂಡಲೇ ಅಮಾವಾಸ್ಯೆ, ಮಳೆ, ಕರೆಂಟು ಹೋದ ಮನೆ ಅಂತ ಶುರು ಮಾಡುತ್ತೇವೆ. ನಾನೂ ಹಾಗೇ ಬರೆಯುತ್ತಿದ್ದೆ. ಓದಿದವರು ಆಕಳಿಸುತ್ತಿದ್ದರು. ನಮ್ಮಜ್ಜಿ ಮಾತ್ರ ರಾತ್ರಿಯ ಹೆಸರು ಹೇಳಿ ಹೆದರಿಸಿದವಳೇ ಅಲ್ಲ. "ಮಟಮಟ ಮಧ್ಯಾಹ್ನ ಹುಣಸೆಮರದ ಹತ್ರ ಹೋಗ್ಬೇಡ" ಅನ್ನುತ್ತಿದ್ದಳು. ಬೇಸಿಗೆಯ ಕಥೆಗೆ ಬೇಕಾದ ಹೊತ್ತು ಅದೇ.

ಏಪ್ರಿಲ್‌ನಲ್ಲಿ, ಊರೆಲ್ಲ ಉಂಡು ಮಲಗಿರುವಾಗ, ಹೊರಗೆ ನೆರಳಲ್ಲಿ ಇಪ್ಪತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಮಲೆನಾಡಾದರೆ ಜೀರುಂಡೆಗಳು ಕಿವಿ ತೂತಾಗುವಷ್ಟು ಕಿರುಚುತ್ತಿರುತ್ತವೆ. ಹತ್ತಿರ ಯಾರಾದರೂ ನಡೆದು ಬಂದರೆ ತಟ್ಟನೆ ನಿಲ್ಲಿಸುತ್ತವೆ. ನೀವಂತೂ ಕೂತಿದ್ದೀರಿ. ಆದರೂ ನಿಂತವು ಅಂದುಕೊಳ್ಳಿ. ಹಾಗಾದರೆ ನಡೆದವರು ಯಾರು?

ಬಯಲುಸೀಮೆಯವರಿಗೆ ಬಿಸಿಲ್ಗುದುರೆ ಇದೆ. ಕಾದ ರಸ್ತೆಯ ಮೇಲಿನ ಬಿಸಿಗಾಳಿ ಬೆಳಕನ್ನು ಬಗ್ಗಿಸಿ, ಆಕಾಶವನ್ನೇ ನೀರಿನ ಹಾಗೆ ತೋರಿಸುತ್ತದೆ. ದೂರದಲ್ಲಿ ಬರುವವನ ಕಾಲು ಅದರಲ್ಲಿ ಕರಗಿಹೋಗುತ್ತದೆ. ಇಲ್ಲಿಯವರೆಗೆ ವಿಜ್ಞಾನ. ಹತ್ತಿರ ಬಂದ ಮೇಲೂ ಕಾಲು ಕಾಣದಿದ್ದರೆ ಅಲ್ಲಿಂದ ನಿಮ್ಮ ಕಥೆ.

ನನಗೆ ಜಾಸ್ತಿ ಕಥೆ ಕೊಟ್ಟದ್ದು ಶರಾವತಿ ಹಿನ್ನೀರು. ನಮ್ಮದು ಸಾಗರದ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರು, ಗದ್ದೆ, ಕಾಡು ಎಲ್ಲ ಮುಳುಗಿತು. ಅದಕ್ಕೂ ಹಳೆಯ ಮಡೆನೂರು ಅಣೆಕಟ್ಟೂ ಮುಳುಗಿತು! ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದು ಮತ್ತೆ ತಲೆ ಎತ್ತುತ್ತದೆ. ಸುತ್ತ ಮರದ ಕಪ್ಪು ಬೊಡ್ಡೆಗಳು. ಅರವತ್ತು ವರ್ಷದಿಂದ ನಿಂತಲ್ಲೇ ನಿಂತಿವೆ.

ಇಂಥ ಜಾಗಕ್ಕೆ ಹೋದರೆ ಇಡೀ ನೋಟ ಬರೆದುಕೊಳ್ಳಬೇಡಿ. ಒಂದು ವಸ್ತು ಹಿಡಿಯಿರಿ. ಅದನ್ನು ಮುಟ್ಟಿದವರ ಕೈ ಊಹಿಸಿಕೊಳ್ಳಿ. ವಾಸನೆಯನ್ನೂ ಗುರುತು ಹಾಕಿಕೊಳ್ಳಿ, ಫೋಟೋದಲ್ಲಿ ಅದು ಬರುವುದಿಲ್ಲ. ಒಬ್ಬರೇ ಹೋಗಬೇಡಿ, ಬಿರುಕು ಬಿಟ್ಟ ಹೂಳನ್ನು ನಂಬಬೇಡಿ. ಮೇಲೆ ಹಪ್ಪಳದ ಹಾಗೆ ಒಣಗಿರುತ್ತದೆ, ಒಳಗೆ ಕೆಸರು. ನಾನು ಮೊಣಕಾಲಿನವರೆಗೆ ಇಳಿದೆ. ತಮ್ಮ ಎಳೆದು ತೆಗೆದ. ಎಡಗಾಲಿನ ಚಪ್ಪಲಿ ಇವತ್ತಿಗೂ ಅಲ್ಲೇ ಇದೆ. "ಬಿಡಣ್ಣ, ಯಾರಿಗೋ ಬೇಕಿತ್ತೇನೋ" ಅಂದ. ಪುಣ್ಯಾತ್ಮ, ಆ ರಾತ್ರಿ ನಿದ್ದೆ ಕೆಡಿಸಿದ. ಆದರೆ ಕಥೆಯ ಮೊದಲ ಸಾಲು ಸಿಕ್ಕಿತು.

ಹಿರಿಯರ ಹತ್ತಿರ "ದೆವ್ವದ ಕಥೆ ಹೇಳಿ" ಅಂತ ಕೇಳಿದರೆ ನಕ್ಕು ಕಳಿಸುತ್ತಾರೆ. "ಚಿಕ್ಕವರಿದ್ದಾಗ ಯಾವ ದಾರಿಗೆ ಹೋಗ್ತಿರ್ಲಿಲ್ಲ? ಯಾಕೆ?" ಅಂತ ಕೇಳಿ. ಒಂದು ಮಾತು. ಮುಳುಗಡೆಯಾಗಿ ಮನೆ ಬಿಟ್ಟವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಊರಿನ ಹೆಸರು ಹಿಡಿದು ದೆವ್ವ ಕೂರಿಸಬೇಡಿ. ನಾನು ಹೆಸರು ಬದಲಾಯಿಸುತ್ತೇನೆ.

ರಾತ್ರಿಯೇ ಬೇಕು ಅನ್ನುವವರು ಮಳೆಗೆ ಮುಂಚೆ, ಮೇ ಕೊನೆಗೆ ಮಿಂಚುಹುಳ ನೋಡಲಿ. ಮರವಿಡೀ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತದೆ. ಕೊಳ್ಳಿದೆವ್ವ ಯಾಕೆ ಬೇಕು ಹೇಳಿ?

ನನ್ನ ನೋಟ್‌ಬುಕ್ಕಿನಲ್ಲಿ ಈ ಬೇಸಿಗೆಯದು ಒಂದೇ ಸಾಲು ಇದೆ. ನೀರಿಳಿದ ಅಂಗಳ, ಹೂಳಲ್ಲಿ ಅರ್ಧ ಹುಗಿದ ಒರಳುಕಲ್ಲು, ಒಳಗೆ ಆಗತಾನೇ ರುಬ್ಬಿದ ದೋಸೆಹಿಟ್ಟು.