ಅಪೆಂಡಿಕ್ಸ್ ಬಯಾಪ್ಸಿಯಲ್ಲಿ ‘ಮ್ಯೂಸಿನಸ್’ ಎಂದು ಬಂದರೆ

ಅಪೆಂಡಿಕ್ಸ್ ತೆಗೆದಾಯಿತು, ಹೊಲಿಗೆಯೂ ಬಿಚ್ಚಿದರು. ಬಯಾಪ್ಸಿ ರಿಪೋರ್ಟ್ ತರಲು ಮಾತ್ರ ಯಾರೂ ಹೋಗಲಿಲ್ಲ. ಹೀಗಾಗುವುದುಂಟು. ಹೋಗಿ ತನ್ನಿ. ಅದರಲ್ಲಿ ‘ಮ್ಯೂಸಿನಸ್’ ಎಂದಿದ್ದರೆ ಅದು ಲೋಳೆ ಸುರಿಸುವ ಗೆಡ್ಡೆ. ಅಪೆಂಡಿಕ್ಸ್ ಒಳಗೇ ಇದ್ದು ಪೂರ್ತಿ ಹೊರಬಂದಿದ್ದರೆ ಎಷ್ಟೋ ಸಲ ತಪಾಸಣೆಯಷ್ಟೇ ಸಾಕು. ಒಡೆದಿದ್ದರೆ ಲೋಳೆಸರದ ತಿರುಳಿನಂಥ ಲೋಳೆ ಹೊಟ್ಟೆಯ ಒಳಪೊರೆಗೆಲ್ಲ ಅಂಟಿ, ನಿಧಾನಕ್ಕೆ ಹೊಟ್ಟೆ ಉಬ್ಬಬಹುದು. ಅಪರೂಪದ ಕಾಯಿಲೆ, ಗ್ಯಾಸ್ ಎಂದೋ ಹರ್ನಿಯಾ ಎಂದೋ ತಿಂಗಳುಗಳು ಕಳೆದುಬಿಡುತ್ತವೆ.

ಮೊದಲು ಲ್ಯಾಬಿನಿಂದ ಸ್ಲೈಡು, ಮೇಣದ ಬ್ಲಾಕು ಎರಡನ್ನೂ ಕೇಳಿ ಪಡೆಯಿರಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅದನ್ನು ಮತ್ತೆ ಓದುತ್ತಾರೆ. ಗೆಡ್ಡೆಯ ಜಾತಿ ತಿಳಿಯದೆ ಮುಂದಿನ ಮಾತಿಲ್ಲ. ಬರೀ ರಿಪೋರ್ಟಿನ ಜೆರಾಕ್ಸ್ ಹಿಡಿದು ಹಾಸನದಿಂದ ಹೋದರೆ ಒಂದು ಓಡಾಟ ದಂಡ. ಜೊತೆಗೆ ಕಾಂಟ್ರಾಸ್ಟ್ ಸಿಟಿ ಸ್ಕ್ಯಾನ್, ಗೆಡ್ಡೆಯ ಸುಳಿವು ಕೊಡುವ ಸಿಇಎ, ಸಿಎ 19-9, ಸಿಎ 125 ರಕ್ತಪರೀಕ್ಷೆ. ರೋಗ ಎಷ್ಟು ಹರಡಿದೆ ಎಂದು ಅಳೆಯಲು ಹೊಟ್ಟೆಯನ್ನು 13 ಭಾಗ ಮಾಡಿ ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ, ಹೆಚ್ಚೆಂದರೆ ಒಟ್ಟು 39. ಅಂಕಕ್ಕಿಂತಲೂ ಸಣ್ಣಕರುಳು ಎಷ್ಟು ಉಳಿಯುತ್ತದೆ ಎಂಬುದೇ ಆಪರೇಷನ್ ಆಗುತ್ತದೋ ಇಲ್ಲವೋ ಎಂದು ಹಲವು ಸಲ ತೀರ್ಮಾನ ಮಾಡುತ್ತದೆ.

ಆ ಆಪರೇಷನ್‌ನಲ್ಲಿ ಗುಲ್ಮ (ಸ್ಪ್ಲೀನ್) ತೆಗೆಯುವ ಸಂಭವವಿದ್ದರೆ ನ್ಯುಮೋಕಾಕಲ್, ಮೆನಿಂಗೋಕಾಕಲ್, ಹಿಬ್ ಲಸಿಕೆಗಳು ಎರಡು ವಾರ ಮೊದಲೇ ಬೀಳಬೇಕು. ಸರ್ಕಾರಿ ಯೋಜನೆಯಲ್ಲಿ ಹೋಗುವವರು ದಾಖಲಾಗುವ ಮುಂಚೆಯೇ ಆಸ್ಪತ್ರೆಯಲ್ಲಿ ಯೋಜನೆ ನೋಡಿಕೊಳ್ಳುವ ಆರೋಗ್ಯಮಿತ್ರರ ಹತ್ತಿರ ‘ಸರ್ಜರಿ ಮಾತ್ರವೋ, ಹೈಪೆಕ್ ಸೇರಿಯೋ’ ಎಂದು ಬಿಡಿಸಿ ಕೇಳಬೇಕು. ಹೈಪೆಕ್ ಎಂದರೆ ಆಪರೇಷನ್ ವೇಳೆಯೇ ಹೊಟ್ಟೆಯೊಳಗೆ ಸುತ್ತಿಸುವ ಬಿಸಿ ಕ್ಯಾನ್ಸರ್ ಔಷಧ.

ಆಪರೇಷನ್ 8-10 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಗೆಡ್ಡೆ ಹಿಡಿದ ಒಳಪೊರೆ, ಕರುಳಿನ ಮೇಲೆ ಇಳಿಬಿದ್ದ ಕೊಬ್ಬಿನ ಪರದೆ, ಬೇಕಾದರೆ ಪಿತ್ತಕೋಶ, ಕರುಳಿನ ತುಂಡು ತೆಗೆಯುತ್ತಾರೆ. ನಿಜವಾದ ಚಿಕಿತ್ಸೆ ಇದೇ. ಬಿಸಿ ಔಷಧ ಅಂಗಾಂಶದೊಳಗೆ ಇಳಿಯುವುದು ಒಂದೆರಡು ಮಿಲಿಮೀಟರ್ ಅಷ್ಟೇ. ಕಡಲೆಕಾಳು ಗಾತ್ರದ ಗಂಟು ಉಳಿದರೆ ಅದಕ್ಕೆ ಮದ್ದು ಮುಟ್ಟುವುದಿಲ್ಲ. ಆದ್ದರಿಂದ ‘ಹೈಪೆಕ್ ಮಷಿನ್ ಇದೆ’ ಎನ್ನುವ ಜಾಹೀರಾತಿಗಿಂತ ಆ ಸರ್ಜನ್ ಇಂಥ ಕೇಸು ಎಷ್ಟು ಮಾಡಿದ್ದಾರೆ ಎಂಬ ಪ್ರಶ್ನೆ ದೊಡ್ಡದು.

ಕಣ್ಣಿಗೆ ಕಂಡದ್ದೆಲ್ಲ ಹೋದ ಮೇಲೆ ಹೊಟ್ಟೆಗೆ ಪೈಪ್ ಇಟ್ಟು, 41-43 ಡಿಗ್ರಿ ಸೆಲ್ಸಿಯಸ್‌ನಲ್ಲಿ ಔಷಧದ್ರವ ಸುತ್ತಿಸುತ್ತಾರೆ. ಹೆಚ್ಚಾಗಿ ಬಳಸುವುದು ಮೈಟೊಮೈಸಿನ್, 60-90 ನಿಮಿಷ. ಆಕ್ಸಾಲಿಪ್ಲಾಟಿನ್ ಆದರೆ 30. ರೋಗಿಯ ಮೈಯೂ ಕಾಯುವುದರಿಂದ ಅರಿವಳಿಕೆ ವೈದ್ಯರು ಹೊರಗಿನಿಂದ ತಣಿಸುತ್ತಲೇ ಇರಬೇಕು.

ಮೊದಲ ಕೆಲವು ದಿನ ಐಸಿಯು. ಕರುಳು ಎಚ್ಚರಾಗಲು ವಾರ ಹಿಡಿದರೂ ಗಾಬರಿ ಬೇಡ. ಮೂರು ಚೆಂಡಿನ ಉಸಿರಾಟದ ಸಾಧನ ಎಳೆಯಲಿ, ಎದ್ದು ನಡೆಯಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕು ವಾರ. ಮುದ್ದೆ, ಸೊಪ್ಪು ತಡೆದು, ಗಂಜಿ, ಬೇಳೆಕಟ್ಟು, ಮೊಟ್ಟೆ ಅರ್ಧರ್ಧ ಬಟ್ಟಲು.

ಹೆದರಬೇಕಾದದ್ದು ಕರುಳಿನ ಜೋಡಣೆ ಸೋರುವುದಕ್ಕೆ, ಮತ್ತು ಎರಡನೇ ವಾರದ ಹೊತ್ತಿಗೆ ಬಿಳಿ ರಕ್ತಕಣ ಕುಸಿಯುವುದಕ್ಕೆ. ಮೂಡಿಗೆರೆ, ಸಕಲೇಶಪುರ ಕಡೆಯವರು ಡಿಸ್ಚಾರ್ಜ್ ಆದ ಕೂಡಲೇ ತೋಟದ ಮನೆಗೆ ಹೊರಡದೆ, ಕೆಲವು ವಾರ ಆಸ್ಪತ್ರೆ ಹತ್ತಿರವೇ ಕೋಣೆ ಹಿಡಿಯುವುದು ವಾಸಿ. ಜ್ವರ 38 ಡಿಗ್ರಿ ದಾಟಿದರೆ, ಡ್ರೈನ್‌ನಲ್ಲಿ (ಹೊಟ್ಟೆಯ ದ್ರವ ಹೊರಬಿಡುವ ಕೊಳವೆ) ಹಸಿರೋ ಕಂದೋ ಬಣ್ಣ ಕಂಡರೆ ಬೆಳಗಾಗುವವರೆಗೆ ಕಾಯುವಂತಿಲ್ಲ.