ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆಯಲ್ಲಿ ಆಪ್ತಸಮಾಲೋಚನೆ: ಶುರು ಮಾಡುವುದು ಹೇಗೆ, ನಡೆಸುವುದು ಹೇಗೆ?

ಐದನೆಯ ತರಗತಿಗೆ ಕಾಲಿಟ್ಟ ಮಗು ಏಳನೆಯದನ್ನು ಮುಗಿಸುವಷ್ಟರಲ್ಲಿ ಬಹಳ ಬದಲಾಗಿರುತ್ತದೆ. ಸ್ವರ ಒಡೆಯುತ್ತದೆ, ಮುಟ್ಟು ಶುರುವಾಗುತ್ತದೆ, ಜೀವದ ಗೆಳೆಯರು ಒಂದೇ ವಾರದಲ್ಲಿ ಮಾತು ಬಿಡುತ್ತಾರೆ, ಕೈಗೆ ಮೊಬೈಲ್ ಬರುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇದರ ಜೊತೆಗೆ ಭಾಷೆಯ ತೊಡಕೂ ಇದೆ. ಮನೆಯಲ್ಲಿ ತುಳು, ಬ್ಯಾರಿ, ಹವ್ಯಕ, ಕೊಂಕಣಿ ಅಥವಾ ಮರಾಠಿ, ತರಗತಿಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ, ಪೊಲೀಸ್ ಠಾಣೆಯಲ್ಲಿ ಮಲಯಾಳ. ಪಾಠ ಒಪ್ಪಿಸಲು ಮಗು ಯಾವ ಭಾಷೆಯನ್ನಾದರೂ ಬಳಸೀತು. ಸಂಕಟ ಹೇಳಿಕೊಳ್ಳಲು ಅದಕ್ಕೆ ಮನೆಮಾತೇ ಬೇಕು. ಶಾಲೆಯ ಆಪ್ತಸಮಾಲೋಚನೆಯನ್ನು ಇಲ್ಲಿಂದಲೇ ಯೋಜಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೇಳುವವರು ಯಾರು?

ಕೇರಳದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆ ಸರಕಾರಿ ಶಾಲೆಗಳಲ್ಲಿ ಆಪ್ತಸಮಾಲೋಚಕರನ್ನು ನಿಯೋಜಿಸುತ್ತದೆ. ಆದರೆ ಎಲ್ಲ ಶಾಲೆಗಳಲ್ಲೂ ಅವರಿಲ್ಲ. ನಿಮ್ಮ ಶಾಲೆಯಲ್ಲಿ ಇಲ್ಲದಿದ್ದರೆ ಹತ್ತಿರದ ಹೈಸ್ಕೂಲಿನಲ್ಲಿರುವವರು ನಿಗದಿತ ದಿನ ಬರಬಹುದೇ ಎಂದು ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಸೇವೆ) ಕಚೇರಿಗೆ ಮುಖ್ಯೋಪಾಧ್ಯಾಯರ ಮೂಲಕ ಪತ್ರ ಬರೆಯಿರಿ. ಅಷ್ಟರೊಳಗೆ ಶಾಲೆಯಲ್ಲೇ ಇಬ್ಬರು ಶಿಕ್ಷಕರನ್ನು, ಒಬ್ಬರು ಮಹಿಳೆ, ಒಬ್ಬರು ಪುರುಷರನ್ನು, ಆರಿಸಿಕೊಳ್ಳಿ. ಮಕ್ಕಳು ಬಿಡುವಿನ ವೇಳೆಯಲ್ಲಿ ತಾವಾಗಿ ಯಾರ ಹತ್ತಿರ ಹೋಗಿ ನಿಲ್ಲುತ್ತಾರೋ ಅವರನ್ನೇ ಆರಿಸಿ. ಶಿಸ್ತಿನ ಹೊಣೆ ಹೊತ್ತವರಿಗೆ ಈ ಕೆಲಸ ಬೇಡ. ಬೆಳಗ್ಗೆ ಗದರಿಸಿದವರ ಮುಂದೆ ಮಧ್ಯಾಹ್ನ ಮಗು ಬಾಯಿ ಬಿಡುವುದಿಲ್ಲ.

ಈ ಶಿಕ್ಷಕರು ಚಿಕಿತ್ಸಕರಲ್ಲ. ಗಮನಿಸುವುದು, ಕೇಳಿಸಿಕೊಳ್ಳುವುದು, ತಿಳಿದವರ ಕೈಗೆ ಒಪ್ಪಿಸುವುದು ಇವಿಷ್ಟೇ ಅವರ ಕೆಲಸ. ಯಾವ ಶಿಕ್ಷಕರಿಗೆ ಯಾವ ಮನೆಮಾತು ಬರುತ್ತದೆ ಎಂದು ಒಂದು ಪಟ್ಟಿ ಮಾಡಿಡಿ. ಬಂದ ಸಮಾಲೋಚಕರಿಗೆ ಮಲಯಾಳ ಮಾತ್ರ ಗೊತ್ತಿದ್ದರೆ, ಮಗುವಿನ ಒಪ್ಪಿಗೆ ಕೇಳಿಯೇ ಪಟ್ಟಿಯಲ್ಲಿರುವ ಒಬ್ಬರನ್ನು ಜೊತೆಗೆ ಕೂರಿಸಿ. ಇನ್ನೊಂದು ಮಗುವನ್ನಾಗಲಿ, ನೆರೆಮನೆಯವರನ್ನಾಗಲಿ ದುಭಾಷಿಯಾಗಿ ಎಂದಿಗೂ ಕರೆಯಬೇಡಿ.

ಜಾಗ ಮತ್ತು ಸಮಯ

ಪ್ರತ್ಯೇಕ ಕೋಣೆ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ವಾಚನಾಲಯದ ಮೂಲೆಯೂ ಸಾಕು, ಅಲ್ಲಿ ಕುಳಿತವರು ಹೊರಗಿನವರಿಗೆ ಕಾಣಬೇಕು, ಮಾತು ಮಾತ್ರ ಕೇಳಿಸಬಾರದು. ಬಾಗಿಲಿಗೆ ಚಿಲಕ ಹಾಕಬಾರದು. ನಮ್ಮ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಜೂನ್, ಜುಲೈಯಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಎದುರಿಗಿದ್ದವರ ಮಾತೂ ಕೇಳಿಸದು. ಮಗು ಸ್ವರ ಏರಿಸಿ ಹೇಳಬೇಕಾಗುತ್ತದೆ, ಆಗ ಅದು ಹೇಳುವುದನ್ನೇ ಬಿಟ್ಟುಬಿಡುತ್ತದೆ. ಹಂಚಿನ ಅಥವಾ ಕಾಂಕ್ರೀಟಿನ ಮಾಡು ಇರುವ ಕೋಣೆಯನ್ನೇ ನೋಡಿ. ನಡುವೆ ಮೇಜು ಬೇಡ. ಎರಡು ಕುರ್ಚಿಗಳನ್ನು ಸ್ವಲ್ಪ ಓರೆಯಾಗಿ ಇಡಿ. ಬಿಳಿ ಹಾಳೆ, ಬಣ್ಣದ ಪೆನ್ಸಿಲು, ಕುಡಿಯುವ ನೀರು ಇರಲಿ.

ಸಮಯಕ್ಕಾಗಿ ಆಟದ ಪೀರಿಯಡ್ ಕಿತ್ತುಕೊಳ್ಳಬೇಡಿ. ಮಧ್ಯಾಹ್ನದ ಊಟದ ನಂತರದ ಅರ್ಧ ಗಂಟೆ ಒಳ್ಳೆಯದು. ವಾರದಲ್ಲಿ ಎರಡು ದಿನವಾದರೂ ಸರಿ, ಆ ದಿನ ತಪ್ಪಬಾರದು.

ಮೊದಲು ಇಡೀ ತರಗತಿ, ಆಮೇಲೆ ಒಬ್ಬೊಬ್ಬರು

ಸಮಸ್ಯೆ ಇರುವವರು ಮಾತ್ರ ಹೋಗುವ ಜಾಗ ಎಂಬ ಹೆಸರು ಒಮ್ಮೆ ಬಿದ್ದರೆ ಯಾವ ಮಗುವೂ ಅತ್ತ ಸುಳಿಯದು. ಆದ್ದರಿಂದ ಮೊದಲ ತಿಂಗಳು ಎಲ್ಲ ತರಗತಿಗಳಿಗೂ ಹೋಗಿ. ಸಿಟ್ಟು ಬಂದಾಗ ಏನು ಮಾಡುವುದು, ಬಸ್ಸಿನಲ್ಲಿ ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಯಾರಿಗೆ ಹೇಳುವುದು, ಮೊಬೈಲ್‌ನಲ್ಲಿ ಅಪರಿಚಿತರು ಫೋಟೊ ಕೇಳಿದರೆ ಏನು ಮಾಡುವುದು, ಇಂಥ ವಿಷಯಗಳನ್ನು ಎಲ್ಲರ ಜೊತೆ ಮಾತಾಡಿ. ಮುಟ್ಟಿನ ವಿಷಯವನ್ನು ಹುಡುಗರಿಗೂ ತಿಳಿಸಿ. ಹುಡುಗಿಯರನ್ನು ಗೇಲಿ ಮಾಡುವುದು ಆಗಲೇ ಕಡಿಮೆಯಾಗುವುದು.

ಬೀಗ ಹಾಕಿದ ಚೀಟಿ ಪೆಟ್ಟಿಗೆಯೊಂದನ್ನು ಹೆಚ್ಚು ಓಡಾಟವಿಲ್ಲದ ಕಡೆ ತೂಗುಹಾಕಿ. ಕನ್ನಡ ಲಿಪಿಯ ತುಳುವಾದರೂ ಆದೀತು, ಮಲಯಾಳವಾದರೂ ಆದೀತು ಎಂದು ಅದರ ಮೇಲೆ ಬರೆಯಿರಿ. ಕೀಲಿಕೈ ಒಬ್ಬರ ಹತ್ತಿರವೇ ಇರಲಿ, ಪ್ರತಿದಿನ ಸಂಜೆ ಅವರೇ ತೆರೆಯಲಿ. ವಾರಕ್ಕೊಮ್ಮೆ ತೆರೆದರೆ ಸೋಮವಾರ ಸಹಾಯ ಕೇಳಿದ ಮಗು ಶುಕ್ರವಾರದವರೆಗೆ ಕಾಯಬೇಕಾಗುತ್ತದೆ.

ಮೊದಲ ಮಾತುಕತೆ

ನಿಧಾನಿಸಬೇಕಾದದ್ದು ಇಲ್ಲಿ. ಮಗು ಕುಳಿತ ಕೂಡಲೇ ಗುಟ್ಟಿನ ನಿಯಮವನ್ನು ಹೇಳಿ: “ನೀನು ಹೇಳಿದ್ದನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳುವುದಿಲ್ಲ. ಆದರೆ ನಿನಗೆ ಯಾರಾದರೂ ನೋವು ಮಾಡುತ್ತಿದ್ದರೆ, ನೀನೇ ನೋವು ಮಾಡಿಕೊಳ್ಳಬೇಕು ಎಂದಿದ್ದರೆ, ಅಥವಾ ಇನ್ನೊಬ್ಬರಿಗೆ ಅಪಾಯವಿದ್ದರೆ ನಿನ್ನನ್ನು ಕಾಪಾಡಲು ಬೇರೆಯವರ ಸಹಾಯ ಪಡೆಯುತ್ತೇನೆ. ಯಾರಿಗೆ ಹೇಳುತ್ತೇನೆಂದು ನಿನಗೆ ಮೊದಲೇ ತಿಳಿಸುತ್ತೇನೆ.” ಯಾರಿಗೂ ಹೇಳುವುದಿಲ್ಲ ಎಂದು ಭಾಷೆ ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ಆಗದ ದಿನ ಬಂದೇ ಬರುತ್ತದೆ.

“ಯಾಕೆ ಹೀಗೆ ಮಾಡಿದೆ?” ಎಂದು ಕೇಳಿದರೆ ಮಗು ಸಮಜಾಯಿಷಿಗೆ ತೊಡಗುತ್ತದೆ. “ಆಮೇಲೆ ಏನಾಯಿತು?” ಎಂದರೆ ಕಥೆ ಮುಂದುವರಿಯುತ್ತದೆ. ಮಗು ಸುಮ್ಮನಾದರೆ ನೀವೂ ಸುಮ್ಮನಿರಿ. ಹಾಳೆಯನ್ನು ಮುಂದೆ ಇಟ್ಟು, “ಬೆಳಗ್ಗೆ ಎದ್ದಲ್ಲಿಂದ ಶಾಲೆಗೆ ಬರುವವರೆಗಿನ ದಾರಿ ಬರೆದು ತೋರಿಸುತ್ತೀಯಾ?” ಎನ್ನಬಹುದು. ಅದು ಯಾವ ಮನೆಯ ಮುಂದೆ ಸುತ್ತು ಹಾಕಿ ಹೋಗುತ್ತದೆ, ಯಾವ ಅಂಗಡಿಯನ್ನು ಬಿಟ್ಟುಬಿಡುತ್ತದೆ ಎಂಬುದರಿಂದಲೇ ಮಾತು ಶುರುವಾಗಬಹುದು. ಉಪದೇಶ, ಪಕ್ಕದ ಮಗುವಿನ ಜೊತೆ ಹೋಲಿಕೆ, ದೇವರ ಮೇಲೆ ಆಣೆ ಇವು ಯಾವುವೂ ಬೇಡ.

ಸಾಯುವ ಮಾತು ಬಂದರೆ ನೇರವಾಗಿಯೇ ಕೇಳಿ: “ಸಾಯಬೇಕು ಅಂತ ಅನಿಸುತ್ತಿದೆಯೇ?” ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ, ಮನೆಯವರನ್ನು ಕರೆಸಿ ಅದೇ ದಿನ ವೈದ್ಯರಿಗೆ ತೋರಿಸಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವಾಗ ಬೇಕಾದರೂ ಕರೆ ಮಾಡಬಹುದು. ಕೇರಳದ ದಿಶಾ ಸಹಾಯವಾಣಿ 1056.

ಪೋಕ್ಸೊ: ಇಲ್ಲಿ ಆಯ್ಕೆಯಿಲ್ಲ

ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ, ನಡೆಯಬಹುದೆಂಬ ಆತಂಕವಿದ್ದರೂ, 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವರಿಗೆ 21ನೆಯ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ ಆಗಬಹುದು. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಿ, ಮತ್ತೆ ಮತ್ತೆ ಕೇಳಿ ಪರೀಕ್ಷಿಸಬೇಡಿ, ಆರೋಪಿಯನ್ನು ಕರೆಸಿ ವಿಚಾರಿಸುವುದಂತೂ ಬೇಡವೇ ಬೇಡ. ಶಾಲೆಯ ಹೆಸರು ಹಾಳಾಗುತ್ತದೆ, ಕುಟುಂಬದ ಮಾನ ಹೋಗುತ್ತದೆ ಎಂದು ರಾಜಿ ಮಾಡಿಸಲು ಬರುವವರಿದ್ದಾರೆ. ಅವರಿಗೆ ಕಾಯ್ದೆಯನ್ನು ತೋರಿಸಿ. ಮಕ್ಕಳ ಸಹಾಯವಾಣಿ 1098.

ಮನೆಯ ಕಡೆ

ತಂದೆ ಗಲ್ಫಿನಲ್ಲಿದ್ದರೆ ವೀಡಿಯೊ ಕರೆಯಲ್ಲಿ ಅವರನ್ನೂ ಸೇರಿಸಿಕೊಳ್ಳಿ, ಆದರೆ ದೂರು ಹೇಳುವುದರಿಂದ ಮಾತು ಆರಂಭಿಸಬೇಡಿ. ಬೀಡಿ ಕಟ್ಟುವ ತಾಯಂದಿರಿಗೆ ಒಂದು ಮಧ್ಯಾಹ್ನ ಶಾಲೆಗೆ ಬರುವುದೆಂದರೆ ಆ ದಿನದ ಮಜೂರಿಯಲ್ಲಿ ಕಡಿತ. ಸಾಧ್ಯವಾದರೆ ನೀವೇ ಮನೆಗೆ ಹೋಗಿ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಪಂಚಾಯತುಗಳಲ್ಲಿ ಇನ್ನೊಂದು ವರ್ಗದ ಮಕ್ಕಳಿದ್ದಾರೆ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದುದರ ಫಲವನ್ನು ಉಣ್ಣುತ್ತಿರುವ ಕುಟುಂಬಗಳ ಮಕ್ಕಳು ಅವರು. ಮನೆಯಲ್ಲಿ ಹಾಸಿಗೆ ಹಿಡಿದ ಅಣ್ಣನೋ ಅಕ್ಕನೋ ಇದ್ದಾಗ ಆರೋಗ್ಯವಾಗಿರುವ ಮಗುವಿನ ಕಡೆ ಯಾರ ಗಮನವೂ ಹೋಗುವುದಿಲ್ಲ. ಅಮ್ಮ ಮಂಗಳೂರಿನ ಆಸ್ಪತ್ರೆಗೆ ಹೋದ ದಿನ ಗಂಜಿ ಬೇಯಿಸುವುದು, ಬಟ್ಟೆ ಬದಲಿಸುವುದು ಈ ಹನ್ನೊಂದು ವರ್ಷದವಳ ಪಾಲಿಗೆ ಬರುತ್ತದೆ. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರುಹಾಜರಿ. ಅವಳಿಗೆ ಬುದ್ಧಿವಾದ ಬೇಡ, ತಪ್ಪಿಹೋದ ಪಾಠ ಬೇಕು, ಗೃಹಪಾಠದಲ್ಲಿ ವಿನಾಯಿತಿ ಬೇಕು, “ನೀನು ಹೇಗಿದ್ದೀಯಾ?” ಎಂದು ಅವಳನ್ನೇ ಕೇಳುವವರು ಬೇಕು. ಅಣ್ಣನ ಮೇಲೆ ಸಿಟ್ಟು ಬರುತ್ತದೆ ಎಂದು ಅವಳು ಹೇಳಿದರೆ ಬೆಚ್ಚಬೇಡಿ, ಹಾಗೆನ್ನಬಾರದು ಎಂದು ತಿದ್ದಲೂ ಬೇಡಿ.

ದಾಖಲೆ ಮತ್ತು ಹಸ್ತಾಂತರ

ಟಿಪ್ಪಣಿ ಪುಸ್ತಕದಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ, ಹೆಸರಿನ ಪಟ್ಟಿ ಬೇರೆ ಕಪಾಟಿನಲ್ಲಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದಕ್ಷರವೂ ಹೋಗಬಾರದು. ಓಣಂ ಪರೀಕ್ಷೆ ಮುಗಿದ ಮೇಲೊಮ್ಮೆ, ಕ್ರಿಸ್‌ಮಸ್ ಪರೀಕ್ಷೆಯ ನಂತರ ಇನ್ನೊಮ್ಮೆ ಕುಳಿತು ನೋಡಿ: ತಾವಾಗಿ ಬಂದ ಮಕ್ಕಳೆಷ್ಟು? ಯಾವ ತರಗತಿಯಿಂದ ಯಾರೂ ಬಂದಿಲ್ಲ? ಯಾರೂ ಬಾರದ ತರಗತಿಗೆ ಮತ್ತೊಮ್ಮೆ ಹೋಗಿ.

ಏಳನೆಯ ತರಗತಿಯವರಿಗೆ ಫೆಬ್ರವರಿಯಲ್ಲೇ ಸಿದ್ಧತೆ ಬೇಕು. ಎಂಟನೆಯದಕ್ಕೆ ಹಲವರು ದೊಡ್ಡ ಹೈಸ್ಕೂಲಿಗೆ, ಕೆಲವರು ಮಾಧ್ಯಮವನ್ನೇ ಬದಲಿಸಿ ಹೋಗುತ್ತಾರೆ. ಒಂದು ದಿನ ಅವರನ್ನು ಆ ಶಾಲೆಗೆ ಕರೆದುಕೊಂಡು ಹೋಗಿ, ಅಲ್ಲಿನ ಸಮಾಲೋಚಕರನ್ನು ಮುಖತಃ ಪರಿಚಯಿಸಿ. ಟಿಪ್ಪಣಿಗಳನ್ನು ಮಗುವಿನ ಮತ್ತು ಹೆತ್ತವರ ಒಪ್ಪಿಗೆಯಿಲ್ಲದೆ ಕಳುಹಿಸಬೇಡಿ. ಹೊಸ ಶಾಲೆಯಲ್ಲಿ ತನ್ನ ಮನೆಮಾತು ಬಲ್ಲ ಒಬ್ಬ ಶಿಕ್ಷಕರ ಹೆಸರು, ಅವರು ಸಿಗುವ ಕೋಣೆ ಮತ್ತು ಸಮಯ, ಇಷ್ಟನ್ನು ಪ್ರತಿ ಮಗುವಿನ ಡೈರಿಯಲ್ಲಿ ಬರೆಸಿ ಕಳುಹಿಸಿ.